ಕೌಡೂರಿನ ಹೆಗ್ಡೆಯವರ ಹೆಸರು ಬಸ್‌ಸ್ಟಾಪಿಗೆ ಮಾತ್ರ ಉಳಿಯಬಾರದು

ಮಾನ್ಯ ಸಂಪಾದಕರೇ, ನಮಸ್ಕಾರ.

ಕಳೆದ ತಿಂಗಳು ಹೆಂಡತಿಯ ಕಣ್ಣು ತೋರಿಸಲಿಕ್ಕೆಂದು ಮಂಗಳೂರಿಗೆ ಹೋಗಿದ್ದೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ದೇರಳಕಟ್ಟೆ ಬಸ್ಸು ಹತ್ತಿದೆವು. ತೊಕ್ಕೊಟ್ಟು ದಾಟಿ ಸ್ವಲ್ಪ ಹೊತ್ತಾದ ಮೇಲೆ ಕಂಡಕ್ಟರ್ ಬಾಗಿಲ ಹತ್ತಿರ ನಿಂತು "ಕೆ.ಎಸ್. ಹೆಗ್ಡೆ, ಕೆ.ಎಸ್. ಹೆಗ್ಡೆ, ಇಳಿಯುವವರು ಮುಂದೆ ಬನ್ನಿ" ಎಂದು ಕೂಗಿದ. ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗ ಕೂತಿದ್ದ. ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಚೀಟಿ ಇತ್ತು. ಸುಮ್ನೆ ಕೇಳಿದೆ, "ಕೆ.ಎಸ್. ಹೆಗ್ಡೆ ಅಂದ್ರೆ ಯಾರು, ಗೊತ್ತುಂಟಾ?" ಅವನು ಒಂದು ಕ್ಷಣ ಯೋಚಿಸಿದ. "ಈ ಆಸ್ಪತ್ರೆ ಕಟ್ಟಿಸಿದ ಡಾಕ್ಟರ್ ಇರಬೇಕು ಅಂಕಲ್" ಎಂದ. ಒಳ್ಳೆಯ ಹುಡುಗ. ನನ್ನ ಹೆಂಡತಿ ಇಳಿಯುವಾಗ ಕೈಚೀಲ ಹಿಡಿದು ಸಹಾಯ ಮಾಡಿದ. ಅವನ ತಪ್ಪು ಏನೂ ಇಲ್ಲ. ಹೆಗ್ಡೆಯವರು ಡಾಕ್ಟರಲ್ಲ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು ಎಂದು ಹೇಳಿದವರು ಯಾರು ಅವನಿಗೆ?

ಅವತ್ತು ಮನೆಗೆ ಬಂದ ಮೇಲೂ ಅದೇ ಮಾತು ತಲೆಯಲ್ಲಿ ಉಳಿಯಿತು. ಹಾಗಾಗಿ ಈ ಪತ್ರ. ಉದ್ದವಾಗುತ್ತದೆ ಎಂದು ಗೊತ್ತು. ದಯವಿಟ್ಟು ಪೂರ್ತಿ ಓದಿ.

ನಾನು ಕಾರ್ಕಳ ತಾಲೂಕಿನವನು. ಕರಾವಳಿಯ ತಾಲೂಕು ಕೋರ್ಟುಗಳಲ್ಲಿ 35 ವರ್ಷ ಕೆಲಸ ಮಾಡಿದವನು. ಅದರಲ್ಲಿ ಜಾಸ್ತಿ ವರ್ಷ ಬೆಂಚ್ ಕ್ಲರ್ಕ್ ಆಗಿದ್ದೆ. ನ್ಯಾಯಾಧೀಶರ ಪೀಠದ ಕೆಳಗೆ, ಅವರಿಗೆ ಬೆನ್ನು ಕೊಟ್ಟು, ಕಡತಗಳ ರಾಶಿಯ ಹಿಂದೆ ಕೂತಿರುತ್ತಾರಲ್ಲ, ಆ ಮನುಷ್ಯ. ಹೆಗ್ಡೆಯವರನ್ನು ನಾನು ಹತ್ತಿರದಿಂದ ಕಂಡವನಲ್ಲ, ಅವರ ಜೊತೆ ಮಾತಾಡಿದವನಲ್ಲ. ಅವರು ಬರೆದದ್ದನ್ನು ಓದಿದ್ದೇನೆ. ಅವರು ಬರೆದ ಒಂದು ತೀರ್ಪು ನನ್ನ ಮನೆಯ ಒಂದು ಕಷ್ಟದಲ್ಲಿ ನನ್ನ ಕೈ ಹಿಡಿದಿದೆ. ಅದನ್ನು ಮುಂದೆ ಹೇಳುತ್ತೇನೆ.

ಪ್ರತಿ ವರ್ಷ ಏಪ್ರಿಲ್ 24 ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಸುಪ್ರೀಂ ಕೋರ್ಟಿನ 1973ರ ಕೇಶವಾನಂದ ಭಾರತಿ ಪ್ರಕರಣದ ಬಗ್ಗೆ ಲೇಖನ ಬರುತ್ತದೆ. ಚೆನ್ನಾಗಿಯೇ ಇರುತ್ತದೆ. ಎಡನೀರು ಮಠದ ಸ್ವಾಮೀಜಿ, ವಕೀಲ ಪಾಲ್ಖಿವಾಲಾ, 13 ನ್ಯಾಯಾಧೀಶರು, ಸಂವಿಧಾನದ ಮೂಲ ರಚನೆ, ಎಲ್ಲ ಇರುತ್ತದೆ. ಕೊನೆಯಲ್ಲಿ ಒಂದು ಸಾಲು: "ಶೆಲತ್, ಹೆಗ್ಡೆ, ಗ್ರೋವರ್ ರಾಜೀನಾಮೆ ನೀಡಿದರು." ಅಷ್ಟೇ. ಆ ಮಧ್ಯದ ಹೆಸರು ನಮ್ಮ ಕೌಡೂರಿನ ಸದಾನಂದ ಹೆಗ್ಡೆಯವರದ್ದು ಎಂದು ಬಿಡಿಸಿ ಹೇಳುವವರು ಕಮ್ಮಿ.

ಅವರು ಹುಟ್ಟಿದ್ದು 1909ರ ಜೂನ್ 11. ಅಕ್ಷರ ಕಲಿತದ್ದು ಕೌಡೂರಿನ ಪ್ರಾಥಮಿಕ ಶಾಲೆಯಲ್ಲಿ. ಆಮೇಲೆ ಕಾರ್ಕಳದ ಬೋರ್ಡ್ ಹೈಸ್ಕೂಲು, ಮಂಗಳೂರಿನ ಅಲೋಶಿಯಸ್ ಕಾಲೇಜು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಯದೇ ಲಾ ಕಾಲೇಜು. ಕೌಡೂರು ಈಗಲೂ ಸಣ್ಣ ಊರು. ಗದ್ದೆ, ತೋಟ, ಗುಡ್ಡೆ. ಆ ಕಾಲದಲ್ಲಿ ಹೇಗಿದ್ದಿರಬಹುದು, ಯೋಚಿಸಿ. ಓದು ಮುಗಿಸಿ ಅವರು ಮದ್ರಾಸಿನಲ್ಲಿ ಉಳಿಯಲಿಲ್ಲ. ವಾಪಸ್ ಬಂದು ಕಾರ್ಕಳ, ಮಂಗಳೂರಿನ ಕೋರ್ಟುಗಳಲ್ಲಿ ವಕೀಲಿ ಮಾಡಿದರು. ನಂತರ ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್ ಆದರು.

ಹೆಸರಿನ ಬಗ್ಗೆ ಒಂದು ಮಾತು. ತಂದೆ ಕೌಡೂರು ಸದಾನಂದ ಹೆಗ್ಡೆ. ಲೋಕಾಯುಕ್ತರಾಗಿದ್ದ ಮಗ ನಿಟ್ಟೆ ಸಂತೋಷ್ ಹೆಗ್ಡೆ. ಘಟ್ಟದ ಮೇಲಿನವರು ಇದೇನು, ಅಪ್ಪನಿಗೊಂದು ಊರು, ಮಗನಿಗೊಂದು ಊರು ಎಂದು ಕೇಳುತ್ತಾರೆ. ನಮ್ಮ ಅಳಿಯಕಟ್ಟಿನ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಮನೆಗೆ ಸೇರುತ್ತಾರೆ. ಹಾಗಾಗಿ ಒಂದೇ ಮನೆಯಲ್ಲಿ ಎರಡು ಊರಿನ ಹೆಸರು ಇರುವುದು ಇಲ್ಲಿ ಹೊಸತಲ್ಲ.

ಕಾರ್ಕಳದಂಥ ಊರಿನ ವಕೀಲಿ ಎಂದರೆ ಏನು ಎಂಬುದು ನನಗೆ ಚೆನ್ನಾಗಿ ಗೊತ್ತು. ದೊಡ್ಡ ದೊಡ್ಡ ಕಾನೂನಿನ ಪ್ರಶ್ನೆ ಅಲ್ಲಿಗೆ ಬರುವುದಿಲ್ಲ. ಬರುವುದು ಗಡಿಕಲ್ಲು, ನೀರಿನ ಕಣಿ, ಕಾಲುದಾರಿ, ಗೇಣಿ ಬಾಕಿ, ಪಾಲುಪಟ್ಟಿ. ಹೆಗ್ಡೆಯವರು ವಕೀಲಿ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಒಕ್ಕಲುಗಳು ಇದ್ದರು. ಮೂಲಗೇಣಿಯವನನ್ನು ಏಳಿಸುವ ಹಾಗಿಲ್ಲ. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಇರಬೇಕು. ಕೋರ್ಟಿನ ಕಟಕಟೆಗೆ ಹತ್ತಿದ ಸಾಕ್ಷಿಗೆ ಪ್ರಮಾಣ ಮಾಡಿಸುವ ಕೆಲಸ ಎಷ್ಟೋ ವರ್ಷ ನಾನೇ ಮಾಡಿದ್ದೇನೆ. ಸತ್ಯ ಹೇಳುತ್ತೇನೆ ಎಂದು ನನ್ನ ಹಿಂದೆ ಹಿಂದೆ ಹೇಳುವಾಗಲೇ ಕೆಲವರ ಕಣ್ಣು ಎದುರಿನ ಬೆಂಚಿನಲ್ಲಿ ಕೂತ ಒಬ್ಬರ ಕಡೆಗೆ ಹೋಗುತ್ತದೆ. ಆ ಒಬ್ಬರಿಂದ ಸಾಲ ತಂದಿರುತ್ತಾರೆ, ಇಲ್ಲವೇ ಅವರ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಸುಳ್ಳು ಹೇಳಬೇಕೆಂದು ಬಂದವರಲ್ಲ. ಆದರೆ ಮಾತು ಒಂದು ಕಡೆಗೆ ವಾಲುತ್ತದೆ. ತಾಲೂಕು ಕೋರ್ಟಿನಲ್ಲಿ ಕೆಲವು ವರ್ಷ ಇದ್ದವರಿಗೆ ಈ ವಾಲುವುದು ದೂರದಿಂದಲೇ ಕಾಣುತ್ತದೆ. ಹೆಗ್ಡೆಯವರ ತೀರ್ಪು ಓದುವಾಗ ನನಗೆ ಮತ್ತೆ ಮತ್ತೆ ಅನಿಸಿದ್ದು ಇದೇ. ಇದನ್ನು ಬರೆದವರು ಊರಿನ ಕೋರ್ಟಿನಲ್ಲಿ ಮನುಷ್ಯರ ಮುಖ ನೋಡಿದವರು.

1952ರಲ್ಲಿ ಅವರು ರಾಜ್ಯಸಭೆಗೆ ಹೋದರು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿ ಇತ್ತು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟು ಹೊಸದಾಗಿ ಶುರುವಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. ಮುಂದಿನ ವರ್ಷವೇ ಸುಪ್ರೀಂ ಕೋರ್ಟು. ಇದೆಲ್ಲ ಎಲ್ಲ ಕಡೆ ಸಿಗುತ್ತದೆ, ನಾನು ಜಾಸ್ತಿ ಬರೆಯುವುದಿಲ್ಲ.

ನನ್ನ ಮನೆಯ ವಿಷಯಕ್ಕೆ ಬರುತ್ತೇನೆ.

ಸುಮಾರು ಹತ್ತು ವರ್ಷದ ಹಿಂದೆ ನನ್ನ ಮಗಳು ಒಂದು ಸಹಕಾರಿ ಸಂಸ್ಥೆಯ ಗುಮಾಸ್ತೆ ಹುದ್ದೆಗೆ ಅರ್ಜಿ ಹಾಕಿದ್ದಳು. ಸಂಸ್ಥೆಯ ಹೆಸರು ಬೇಡ. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ಇತ್ತು. ಸಂದರ್ಶನವೂ ಚೆನ್ನಾಗಿಯೇ ಆಯಿತು ಎಂದಳು. ಪಟ್ಟಿ ಬಂದಾಗ ಅವಳ ಹೆಸರು ಇರಲಿಲ್ಲ. ಮೊದಲ ಹೆಸರು ಆಯ್ಕೆ ಸಮಿತಿಯ ಒಬ್ಬ ಸದಸ್ಯರ ಅಣ್ಣನ ಮಗನದ್ದು. ವಿಚಾರಿಸಿದೆ. "ಅಣ್ಣನ ಮಗನ ಸರದಿ ಬಂದಾಗ ಅವರು ಎದ್ದು ಹೊರಗೆ ಹೋಗಿದ್ದಾರೆ, ಎಲ್ಲ ಕ್ರಮಪ್ರಕಾರ ಆಗಿದೆ" ಎಂದರು. ಬಾಕಿ ಎಲ್ಲರ ಸಂದರ್ಶನದಲ್ಲಿ ಅವರು ಕೂತಿದ್ದರು. ಅಂಕ ಹಾಕಿದ್ದರು. ಕೊನೆಗೆ ಪಟ್ಟಿ ಮಾಡುವಾಗಲೂ ಇದ್ದರು.

ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಬಿಡು ಅಪ್ಪ, ನೀನು ಕೋರ್ಟಿನಲ್ಲಿದ್ದೂ ಏನು ಮಾಡಲಿಕ್ಕಾಗುತ್ತದೆ" ಎಂದಳು. ಅದು ನನ್ನ ಎದೆಗೆ ನಾಟಿತು. ಮರುದಿನ ಹಿರಿಯ ವಕೀಲರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಪುಟ ಹುಡುಕಿ, ನನ್ನ ಕೈಯಲ್ಲೇ ಕೊಟ್ಟು ಝೆರಾಕ್ಸ್ ಮಾಡಿಸಿಕೊಂಡು ಬರಲು ಹೇಳಿದರು. "ಬರೆದದ್ದು ಯಾರು ನೋಡು" ಎಂದರು. ನ್ಯಾಯಮೂರ್ತಿ ಹೆಗ್ಡೆ ಎಂದು ಇತ್ತು. "ನಮ್ಮ ಕೌಡೂರಿನವರು ಮಾರಾಯ" ಎಂದರು.

ಅದು ಎ.ಕೆ. ಕ್ರೈಪಾಕ್ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣ. ತೀರ್ಪು ಬಂದದ್ದು 1969ರ ಏಪ್ರಿಲ್ 29ರಂದು. ನಾನು ಮೂರು ರಾತ್ರಿ ಡಿಕ್ಷನರಿ ಇಟ್ಟುಕೊಂಡು ಓದಿದೆ. 1966ರಲ್ಲಿ ಭಾರತೀಯ ಅರಣ್ಯ ಸೇವೆ ಹೊಸದಾಗಿ ಶುರುವಾಯಿತು. ಅದಕ್ಕೆ ಜಮ್ಮು ಕಾಶ್ಮೀರದ ಅರಣ್ಯ ಅಧಿಕಾರಿಗಳಿಂದ ಆಯ್ಕೆ ಮಾಡಬೇಕಿತ್ತು. ಆಯ್ಕೆ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಕೂತಿದ್ದರು. ಅವರೂ ಒಬ್ಬ ಅಭ್ಯರ್ಥಿ! ಅವರ ಹೆಸರು ಬಂದಾಗ ಅವರು ಕೂರಲಿಲ್ಲ. ಆದರೆ ಅವರ ಎದುರಾಳಿಗಳ ಹೆಸರು ಬಂದಾಗ ಕೂತರು. ಕೊನೆಯ ಪಟ್ಟಿ ಮಾಡುವಾಗಲೂ ಇದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ. ಉಳಿದ ಅಧಿಕಾರಿಗಳು ಸುಪ್ರೀಂ ಕೋರ್ಟಿಗೆ ಹೋದರು.

ಓದುತ್ತಾ ಓದುತ್ತಾ ನನ್ನ ಮೈ ಜುಮ್ಮೆಂದಿತು. ಕಾಶ್ಮೀರದ ಕಾಡಿನ ಅಧಿಕಾರಿಗಳ ಕಥೆ ನಮ್ಮ ಊರಿನ ಒಂದು ಸಣ್ಣ ಕಚೇರಿಯ ಕಥೆಯ ಹಾಗೇ ಇತ್ತು. ಆ ಒಬ್ಬರು ಮಂಡಳಿಯ ಮಾತುಕತೆಯಲ್ಲಿ ಭಾಗವಹಿಸಿದ ಒಂದೊಂದು ಹಂತದಲ್ಲೂ ಅವರ ಸ್ವಂತ ಲಾಭಕ್ಕೂ ಅವರ ಕರ್ತವ್ಯಕ್ಕೂ ಘರ್ಷಣೆ ಇತ್ತು ಎಂದು ಹೆಗ್ಡೆಯವರು ಬರೆಯುತ್ತಾರೆ. ಒಬ್ಬನ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡುವುದು ಕಷ್ಟ. ಹಾಗಾಗಿ ಅವನು ಒಂದು ಕಡೆಗೆ ವಾಲುವ ಸಾಧ್ಯತೆ ಇತ್ತು ಎಂದು ನಂಬಲಿಕ್ಕೆ ಸರಿಯಾದ ಕಾರಣ ಉಂಟಾ ಎಂದು ನೋಡಿದರೆ ಸಾಕು. ಅದನ್ನು ನೋಡುವಾಗ ಮನುಷ್ಯರು ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಬೇಕು. ಇದು ಆ ತೀರ್ಪಿನ ತಿರುಳು. ಆ ವಾಕ್ಯಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಆಡಳಿತದ ಕೆಲಸ ಬೇರೆ, ನ್ಯಾಯ ತೀರ್ಮಾನ ಬೇರೆ, ಆಡಳಿತಕ್ಕೆ ಈ ನಿಯಮ ಯಾಕೆ ಎಂಬ ವಾದವನ್ನೂ ಅವರು ಒಪ್ಪಲಿಲ್ಲ. ಎರಡರ ನಡುವಿನ ಗೆರೆ ತೆಳುವಾಗಿದೆ, ನಿಧಾನಕ್ಕೆ ಅಳಿಸಿಹೋಗುತ್ತಿದೆ ಎಂದರು. ಆಯ್ಕೆಪಟ್ಟಿ ರದ್ದಾಯಿತು. ಇವತ್ತಿಗೂ ದೇಶದ ಯಾವ ಕೋರ್ಟಿನಲ್ಲಿ ಸಹಜ ನ್ಯಾಯದ (ತನ್ನ ವಿಷಯಕ್ಕೆ ತಾನೇ ತೀರ್ಪುಗಾರ ಆಗಬಾರದು ಎಂಬಂಥ ನಿಯಮದ) ಮಾತು ಬಂದರೂ ಕ್ರೈಪಾಕ್ ಹೆಸರು ಬರುತ್ತದೆ.

ವಕೀಲರು ಒಂದೂವರೆ ಪುಟದ ಆಕ್ಷೇಪಣೆ ಬರೆದುಕೊಟ್ಟರು. ಫೀಸು ತೆಗೆದುಕೊಳ್ಳಲಿಲ್ಲ. ಝೆರಾಕ್ಸ್ ಪ್ರತಿಯಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಅದಕ್ಕೆ ಲಗತ್ತಿಸಿದರು. ನಾನೇ ಹೋಗಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ. ತಿಂಗಳ ಒಳಗೆ ಆ ಪಟ್ಟಿ ರದ್ದಾಯಿತು. ಹೊಸ ಸಮಿತಿ ಬಂತು. ಮತ್ತೊಮ್ಮೆ ಸಂದರ್ಶನ ಆಯಿತು.

ಎರಡನೇ ಸಲವೂ ನನ್ನ ಮಗಳಿಗೆ ಸಿಗಲಿಲ್ಲ. ಬೇರೆ ಊರಿನ ಒಬ್ಬ ಹುಡುಗಿಗೆ ಸಿಕ್ಕಿತು, ಅವಳಿಗೆ ಅಂಕ ಜಾಸ್ತಿ ಇತ್ತು. ಅವತ್ತು ಸಂಜೆ ಮಗಳು ತಾನಾಗಿ ಊಟಕ್ಕೆ ಕೂತಳು. "ಈಗ ಬೇಜಾರಿಲ್ಲ ಅಪ್ಪ" ಎಂದಳು. ಆ ಕೆಂಪು ಗೆರೆಯ ಹಾಳೆಗಳ ಇನ್ನೊಂದು ಪ್ರತಿ ಈಗಲೂ ನನ್ನ ಹತ್ತಿರ ಉಂಟು.

ಇನ್ನು ಎಡನೀರಿನ ಪ್ರಕರಣ, ಅಂದರೆ ಕೇಶವಾನಂದ ಭಾರತಿ ಪ್ರಕರಣ. ಇದರ ಬಗ್ಗೆ ನನಗೆ ಹೇಳಲಿಕ್ಕೆ ಬೇರೆಯೇ ಒಂದು ಕಾರಣ ಇದೆ. ನಾವು ಚಾಲಗೇಣಿ ಒಕ್ಕಲಿನ ಮನೆಯವರು.

1 ಎಕರೆ 40 ಸೆಂಟ್ಸ್ ಗದ್ದೆ. ವರ್ಷಕ್ಕೆ ಹತ್ತು ಮುಡಿ ಅಕ್ಕಿ ಗೇಣಿ. ಬೈಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟುವುದು ಅಪ್ಪನಿಗೆ ಚೆನ್ನಾಗಿ ಬರುತ್ತಿತ್ತು. ಕಟ್ಟಿದ ಮುಡಿಯ ಮೇಲೆ ಕೋಲಿನಿಂದ ಬಡಿದು ಬಡಿದು ಗುಂಡಗೆ ಮಾಡುತ್ತಿದ್ದರು. ಅಷ್ಟು ಚಂದ ಕಟ್ಟಿದ್ದನ್ನು ತಲೆಯ ಮೇಲೆ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಿ ಬರಬೇಕು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಗೆಣಸು ಬೇಯುತ್ತಿತ್ತು. ಇದು ನಾನು ಕಣ್ಣಾರೆ ಕಂಡದ್ದು, ಆಗ ನನಗೆ ಹತ್ತು ವರ್ಷ.

ಕೇಶವಾನಂದ ಭಾರತಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತಲ್ಲ, ಹಾಗಾಗಿ ಕನ್ನಡದ ಮಠಕ್ಕೆ ಕೇರಳದ ಕಾನೂನು. ನಮ್ಮ ಅಪ್ಪನಂಥವರಿಗೆ ಆಗ ಇದ್ದ ಹೆದರಿಕೆ ಒಂದೇ. ಅಲ್ಲಿ ಮಠ ಗೆದ್ದರೆ ನಾಳೆ ಇಲ್ಲೂ ಒಕ್ಕಲಿಗೆ ಭೂಮಿ ಸಿಗುವುದಿಲ್ಲ. ಅಂಗಡಿಯ ರೇಡಿಯೋದಲ್ಲಿ ತೀರ್ಪಿನ ಸುದ್ದಿ ಬಂದ ದಿನ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಲವರು ಹೆಗ್ಡೆಯವರು ಧಣಿಗಳ ಪರ ಎಂದರು. ಅಪ್ಪ ಅದನ್ನು ನಂಬಿದರು. ನಾನೂ ಬಹಳ ವರ್ಷ ನಂಬಿದ್ದೆ. ಕ್ರೈಪಾಕ್ ತೀರ್ಪು ಓದಿದ ಮೇಲೆ, ಇವರು ಎಡನೀರಿನ ಪ್ರಕರಣದಲ್ಲಿ ನಿಜಕ್ಕೂ ಏನು ಬರೆದಿದ್ದಾರೆ ಎಂದು ನೋಡಲೇಬೇಕು ಅನಿಸಿತು.

68 ದಿನ ವಾದ ನಡೆಯಿತು, 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ. 13 ಜನ ನ್ಯಾಯಾಧೀಶರು ಒಟ್ಟು 11 ತೀರ್ಪು ಬರೆದರು. ಹೆಗ್ಡೆ ಮತ್ತು ಮುಖರ್ಜಿ ಇಬ್ಬರೂ ಸೇರಿ ಒಂದು ಬರೆದಿದ್ದಾರೆ. ಸಂವಿಧಾನದ ಯಾವ ಭಾಗವನ್ನೂ ಸಂಸತ್ತು ತಿದ್ದಬಹುದು, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು, ಆದರೆ ಸಂವಿಧಾನದ ಬುನಾದಿಯನ್ನೇ ಒಡೆಯುವ ಅಧಿಕಾರ ಅದಕ್ಕಿಲ್ಲ ಎಂದು ಅವರು ಹೇಳಿದರು. 7 ಜನ ಈ ಕಡೆ, 6 ಜನ ಆ ಕಡೆ. ಕೇರಳದ ಭೂಸುಧಾರಣೆ ಕಾನೂನುಗಳನ್ನು ಸಂವಿಧಾನದ ಒಂಬತ್ತನೇ ಪಟ್ಟಿಗೆ (ಕಾನೂನುಗಳನ್ನು ಕೋರ್ಟು ರದ್ದು ಮಾಡದ ಹಾಗೆ ಕಾಪಾಡುವ ಪಟ್ಟಿಗೆ) ಸೇರಿಸಿದ 29ನೇ ತಿದ್ದುಪಡಿ ಉಳಿಯಿತು. ಸ್ವಾಮೀಜಿಗೆ ಅವರು ಕೇಳಿದ ಪರಿಹಾರ ಸಿಗಲಿಲ್ಲ.

ಇಲ್ಲಿ ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಕಾನೂನು ಜಾರಿಗೆ ಬಂತು. ದೇವರಾಜ ಅರಸರ ಕಾಲ. ಅಪ್ಪ ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯ ಮಂಡಳಿಯ ಮುಂದೆ ಹೋದರು. ಗದ್ದೆ ನಮ್ಮದಾಯಿತು. ಆ ಆದೇಶದ ಹಾಳೆ ಮಡಿಕೆ ಮಡಿಕೆಯಲ್ಲಿ ಹರಿದಿದೆ, ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ. ಹೆಗ್ಡೆಯವರು ಬರೆದದ್ದರಿಂದ ನಮ್ಮ 1 ಎಕರೆ 40 ಸೆಂಟ್ಸಿಗೆ ಏನೂ ಆಗಲಿಲ್ಲ. ಅಪ್ಪ ಬದುಕಿದ್ದಾಗ ಇದನ್ನು ಅವರಿಗೆ ಓದಿ ಹೇಳಬೇಕಿತ್ತು. ನಾನು ಓದುವಾಗ ತಡವಾಗಿತ್ತು. ಈ ಪತ್ರದಲ್ಲಿ ಅದನ್ನು ಬರೆದು ಇಡುತ್ತಿದ್ದೇನೆ.

ಎಡನೀರಿನ ತೀರ್ಪು ಬಂದದ್ದು 1973ರ ಏಪ್ರಿಲ್ 24. ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದರು. ಹಿರಿತನದಲ್ಲಿ ಅವರ ನಂತರ ಶೆಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಮೂವರನ್ನೂ ದಾಟಿ ಇಂದಿರಾ ಗಾಂಧಿಯವರ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಒಂದು ಲೆಕ್ಕ ಹಾಕಿ ನೋಡಿದ್ದೇನೆ. ಶೆಲತ್ ಅವರ ಸೇವೆ ಆ ವರ್ಷದ ಜುಲೈಗೆ ಮುಗಿಯುತ್ತಿತ್ತು. ಹಿರಿತನದ ಪ್ರಕಾರ ನಡೆದಿದ್ದರೆ ಅಲ್ಲಿಂದ 1974ರ ಜೂನ್‌ವರೆಗೆ, ಸುಮಾರು 11 ತಿಂಗಳು, ಕೌಡೂರಿನ ಶಾಲೆಯಲ್ಲಿ ಕಲಿತ ಒಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಆ ಝೆರಾಕ್ಸ್ ಹಾಳೆಯ ತಲೆಯಲ್ಲಿ. ಕ್ರೈಪಾಕ್ ಪ್ರಕರಣ ಕೇಳಿದ ಐದು ಜನರ ಪೀಠದಲ್ಲಿ ಹಿದಾಯತುಲ್ಲಾ, ಭಾರ್ಗವ ಬಿಟ್ಟರೆ ಉಳಿದ ಮೂವರು ಯಾರು ಗೊತ್ತಾ? ಶೆಲತ್, ಹೆಗ್ಡೆ, ಗ್ರೋವರ್. ಆಯ್ಕೆ ಮಾಡುವವರು ಹೇಗಿರಬೇಕು ಎಂದು ಹೇಳಿದ ಮೂವರು, ನಾಲ್ಕು ವರ್ಷದ ಮೇಲೆ ತಮ್ಮದೇ ಆಯ್ಕೆಯಲ್ಲಿ ಅನ್ಯಾಯ ಕಂಡರು. ಯಾರ ಹತ್ತಿರವೂ ಬೇಡಲಿಕ್ಕೆ ಹೋಗಲಿಲ್ಲ. ಕುರ್ಚಿ ಬಿಟ್ಟು ಎದ್ದರು.

1975ರಲ್ಲಿ ತುರ್ತುಪರಿಸ್ಥಿತಿ ಬಂತು. ಅದು ಮುಗಿಯುವ ಹೊತ್ತಿಗೆ ನಡೆದ 1977ರ ಚುನಾವಣೆಯಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋಗಿದ್ದ ಚುನಾವಣೆ ಅದು. ಜುಲೈ 21ರಂದು ಲೋಕಸಭೆಯ ಸ್ಪೀಕರ್ ಆದರು. 1978ರ ಕೊನೆಯಲ್ಲಿ, ಚಿಕ್ಕಮಗಳೂರಿನಿಂದ ಆಗಷ್ಟೇ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಉಚ್ಚಾಟಿಸಿದಾಗ ಸ್ಪೀಕರ್ ಇವರೇ. ಇದನ್ನು ಹಿಡಿದುಕೊಂಡು ಸೇಡು ಎನ್ನುವವರನ್ನು ನಾನು ಕಂಡಿದ್ದೇನೆ. ನನ್ನ ಅಭಿಪ್ರಾಯ ಹೇಳುತ್ತೇನೆ. ತೀರ್ಮಾನ ಮಾಡಿದ್ದು ಸದನ. ಮತ ಸಮ ಸಮ ಬಂದರೆ ಬಿಟ್ಟು ಸ್ಪೀಕರ್ ಮತ ಹಾಕುವುದಿಲ್ಲ. ಆ ಉಚ್ಚಾಟನೆ ಸರಿಯೋ ತಪ್ಪೋ ಎಂದು ಚರ್ಚೆ ಮಾಡಬಹುದು, ಮುಂದಿನ ಲೋಕಸಭೆ 1981ರಲ್ಲಿ ಅದನ್ನು ರದ್ದು ಮಾಡಿತು ಕೂಡ. ಆದರೆ ಅದನ್ನು ಒಬ್ಬರ ವೈಯಕ್ತಿಕ ದ್ವೇಷದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆ ದೆಹಲಿಯ ವರ್ಷಗಳಲ್ಲೇ ಊರಿನಲ್ಲಿ ಶುರುವಾದ ಕೆಲಸ. 1979ರಲ್ಲಿ ಅವರು ನಿಟ್ಟೆ ಎಜುಕೇಶನ್ ಟ್ರಸ್ಟ್ ಕಟ್ಟಿದರು. ಇವತ್ತು ಅದು ಎಷ್ಟು ದೊಡ್ಡದಾಗಿದೆ ಎಲ್ಲರಿಗೂ ಗೊತ್ತು. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ. ಶುರುವಾದದ್ದು ಮಾತ್ರ ನಿಟ್ಟೆಯ ಒಂದು ಹೈಸ್ಕೂಲಿನಿಂದ. ಲೋಕಸಭೆಯ ಸ್ಪೀಕರ್ ಒಬ್ಬರಿಗೆ ಆಗ ಹಳ್ಳಿಯ ಹೈಸ್ಕೂಲಿನ ಚಿಂತೆ ಇತ್ತು ಎಂಬುದು ನನಗೆ ದೊಡ್ಡ ಮಾತು.

ಯಾಕೆಂದರೆ ನನ್ನ ತಂಗಿ ಆ ಶಾಲೆಗೆ ಹೋದಳು. ನಾನು ಗಂಡು ಹುಡುಗ, ಹೈಸ್ಕೂಲಿಗೆ ದೂರ ಆದರೂ ನಡೆದೆ, ಮಳೆಯಲ್ಲಿ ಪುಸ್ತಕವನ್ನು ಅಂಗಿಯ ಒಳಗೆ ಹಾಕಿಕೊಂಡು ಓಡಿದೆ. ತಂಗಿಯನ್ನು ಅಷ್ಟು ದೂರ ಕಳಿಸಲು ಅಮ್ಮ ಒಪ್ಪುತ್ತಿರಲಿಲ್ಲ. ಏಳನೇ ಕ್ಲಾಸು ಆದ ಮೇಲೆ ಬೀಡಿ ಕಟ್ಟಲಿ ಎಂದು ಮನೆಯಲ್ಲಿ ಮಾತಾಗಿತ್ತು. ಸೂಪು (ಮೊರ), ಕತ್ತರಿ ಎಲ್ಲ ತಂದಾಗಿತ್ತು. ನಿಟ್ಟೆಯಲ್ಲಿ ಶಾಲೆ ಬಂದದ್ದು ನಮಗೆ ಹತ್ತಿರ ಆಯಿತು. ಅಕ್ಕಪಕ್ಕದ ಮನೆಯ ಮೂರು ಹುಡುಗಿಯರು ಜೊತೆಗೆ ಹೊರಟರು. ಅಮ್ಮ ಒಪ್ಪಿದರು. ತಂಗಿ ಮುಂದೆ ಟೀಚರ್ ಆದಳು. ಆ ಸೂಪು ಎಷ್ಟೋ ವರ್ಷ ಅಟ್ಟದಲ್ಲಿ ಇತ್ತು, ಅಮ್ಮ ಅದರಲ್ಲಿ ಹಪ್ಪಳ ಒಣಗಿಸುತ್ತಿದ್ದರು.

ಹೆಗ್ಡೆಯವರು 1990ರ ಮೇ 24ರಂದು ತೀರಿಕೊಂಡರು. ದೇರಳಕಟ್ಟೆಯ ಆಸ್ಪತ್ರೆಗೆ ಅವರ ಹೆಸರು ಬಂದದ್ದು ಆಮೇಲೆ, ಅವರ ನೆನಪಿಗೆ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಮಕ್ಕಳ ಪುಟ ಇದೆ. ಜೂನ್ 11ರ ವಾರ ಅದರಲ್ಲಿ ಇವರ ಬಗ್ಗೆ ಬರೆಸಿ. ಪದವಿಗಳ ಪಟ್ಟಿ ಬೇಡ. ಕ್ರೈಪಾಕ್ ಕಥೆಯನ್ನು ಹೇಳಿ. ಕ್ಲಾಸ್ ಲೀಡರ್ ಆಯ್ಕೆಗೆ ನಿಂತವನೇ ಚೀಟಿ ಎಣಿಸಬಾರದು ಎಂದು ಏಳನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ ಅಲ್ವಾ? ಕಾರ್ಕಳದ ವಕೀಲರ ಸಂಘದವರಲ್ಲಿಯೂ ಇದೇ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಕೋರ್ಟಿನ ಆವರಣದಲ್ಲಿ, ಕಕ್ಷಿದಾರರು ಕಾಯುವ ಬೆಂಚಿನ ಎದುರಿನ ಗೋಡೆಯಲ್ಲಿ, ಆ ತೀರ್ಪಿನ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆಸಿ ಹಾಕಿ. ಅಲ್ಲಿ ಕೂತವರು ಗಂಟೆಗಟ್ಟಲೆ ಖಾಲಿ ಗೋಡೆ ನೋಡುತ್ತಿರುತ್ತಾರೆ. ನಾನು 35 ವರ್ಷ ನೋಡಿದ್ದೇನೆ.

ಸುಪ್ರೀಂ ಕೋರ್ಟು ಈಗ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ಅನುವಾದ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಆ ಕನ್ನಡ ನಮ್ಮ ಊರಿನ ಕಕ್ಷಿದಾರನಿಗೆ ಓದಲು ಸ್ವಲ್ಪ ಕಷ್ಟ. ಹಾಗಾಗಿ ಕ್ರೈಪಾಕ್ ತೀರ್ಪಿನ ಮುಖ್ಯ ಭಾಗವನ್ನು ನನಗೆ ಬಂದ ಹಾಗೆ, ಮಾತಾಡುವ ಕನ್ನಡದಲ್ಲಿ, ಆರು ಹಾಳೆಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಗಳು ಓದಿ ತಿದ್ದಿಕೊಟ್ಟಿದ್ದಾಳೆ. ನಿಮಗೆ ಉಪಯೋಗ ಆದರೆ ಬಳಸಿಕೊಳ್ಳಿ, ಹಾಳೆ ವಾಪಸ್ ಕಳಿಸುವುದು ಬೇಡ.

ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷಿನ ಬಯಾಸ್ ಎಂಬ ಶಬ್ದ. ನಮ್ಮ ಕೋರ್ಟಿನ ಕನ್ನಡದಲ್ಲಿ ಅದನ್ನು ಪಕ್ಷಪಾತ ಎನ್ನುತ್ತಾರೆ. ಪಕ್ಷಪಾತ ಎಂದರೆ ಬೇಕೆಂದೇ ಮಾಡಿದ್ದು ಎಂದಾಗುತ್ತದೆ. ಹೆಗ್ಡೆಯವರು ಹೇಳುವುದು ತನಗೇ ಗೊತ್ತಿಲ್ಲದೆಯೂ ಆಗಬಹುದಾದದ್ದರ ಬಗ್ಗೆ. ಸಂತೆಯ ತಕ್ಕಡಿಯಲ್ಲಿ ಏನೂ ಹಾಕುವ ಮೊದಲೇ ಒಂದು ತಟ್ಟೆ ಸ್ವಲ್ಪ ಕೆಳಗೆ ಇರುತ್ತದೆ ನೋಡಿ, ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಹಾಗೆ. ನಾನು ಸದ್ಯಕ್ಕೆ "ವಾಲು" ಎಂದು ಬರೆದಿದ್ದೇನೆ. ನಿಮ್ಮ ಓದುಗರಲ್ಲಿ ಯಾರಿಗಾದರೂ ಇದಕ್ಕಿಂತ ಸರಿಯಾದ ಶಬ್ದ ಗೊತ್ತಿದ್ದರೆ ದಯವಿಟ್ಟು ನಿಮ್ಮ ವಿಳಾಸಕ್ಕೆ ಬರೆದು ತಿಳಿಸಲಿ. ಎರಡನೇ ಹಾಳೆಯಲ್ಲಿ ಆ ಜಾಗವನ್ನು ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ.

ಇತಿ,
ಒಬ್ಬ ನಿವೃತ್ತ ಬೆಂಚ್ ಕ್ಲರ್ಕ್
ಕಾರ್ಕಳ ತಾಲೂಕು